ಜೊತೆ ಬೆಳೆಯ ಪಟ್ಟಿಗಿಂತ ಮೊದಲು ಮಣ್ಣು

ಕೈತೋಟ ಶುರು ಮಾಡಿದವರಿಗೆ ಬೀಜಕ್ಕಿಂತ ಮೊದಲು ಒಂದು ಪಟ್ಟಿ ಸಿಗುತ್ತದೆ. ಟೊಮೆಟೊಗೆ ತುಳಸಿ ಗೆಳೆಯ. ಕ್ಯಾರೆಟ್‌ಗೆ ಈರುಳ್ಳಿ ಗೆಳೆಯ. ಬೀನ್ಸ್‌ಗೆ ಬೆಳ್ಳುಳ್ಳಿ ಶತ್ರು. ಫೋನಿನಿಂದ ಫೋನಿಗೆ ಹರಿದಾಡುವ ಈ ಪಟ್ಟಿಗಳು ನೋಡಲು ಚೆಂದ. ಆದರೆ ಯಾಕೆ ಗೆಳೆಯ, ಯಾಕೆ ಶತ್ರು ಎಂದು ಕೇಳಿದರೆ ಪಟ್ಟಿಯಲ್ಲಿ ಉತ್ತರ ಇರುವುದಿಲ್ಲ.

ಇವುಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದಿಂದ ಬಂದವು. ಕ್ಯಾರೆಟ್ ಮತ್ತು ಈರುಳ್ಳಿಯನ್ನೇ ನೋಡಿ. ಚಳಿ ದೇಶಗಳಲ್ಲಿ ಕ್ಯಾರೆಟ್ ಗೆಡ್ಡೆ ಕೊರೆಯುವ ಒಂದು ನೊಣ ಇದೆ. ನಡುವೆ ಈರುಳ್ಳಿ ಇದ್ದರೆ ಅದರ ಕಾಟ ಕಡಿಮೆಯಾಗುತ್ತದೆ ಎಂದು ಅಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ನಮ್ಮ ಬಯಲುಸೀಮೆಯ ಕ್ಯಾರೆಟ್‌ಗೆ ಆ ನೊಣದ ಚಿಂತೆ ಇಲ್ಲ. ಇಲ್ಲದ ನೊಣಕ್ಕೆ ಕಾವಲು ಯಾಕೆ?

ಇನ್ನು ಕೆಲವು ಜೋಡಿಗಳ ಹುಟ್ಟು ಇನ್ನೂ ವಿಚಿತ್ರ. ಎಹ್ರೆನ್‌ಫ್ರೀಡ್ ಫೈಫರ್ ಎಂಬ ಜರ್ಮನ್ ವಿಜ್ಞಾನಿ 20ನೇ ಶತಮಾನದ ಮೊದಲ ಭಾಗದಲ್ಲಿ ಗಿಡದ ರಸವನ್ನು ತಾಮ್ರದ ಕ್ಲೋರೈಡ್ ದ್ರಾವಣಕ್ಕೆ ಬೆರೆಸಿ, ಒಣಗಿದ ಮೇಲೆ ಮೂಡುವ ಹರಳುಗಳ ಚಿತ್ತಾರ ನೋಡುತ್ತಿದ್ದರು. ಯಾವ ಗಿಡಕ್ಕೆ ಯಾವುದು ಹೊಂದುತ್ತದೆ ಎಂಬ ತೀರ್ಮಾನಕ್ಕೂ ಈ ಚಿತ್ತಾರಗಳನ್ನು ಬಳಸಿದರು. ಕೀಟ, ಇಳುವರಿ ಯಾವುದೂ ಆ ಲೆಕ್ಕದಲ್ಲಿ ಇರಲಿಲ್ಲ.

ಹಾಗಂತ ಜೊತೆ ಬೆಳೆ ಸುಳ್ಳಲ್ಲ. ನಮ್ಮ ರಾಗಿ ಹೊಲದಲ್ಲಿ ನಡುನಡುವೆ ಬೇರೆ ಬೆಳೆ ಹಾಕುವ ಅಕ್ಕಡಿ ಸಾಲು ಅದಕ್ಕೆ ಸಾಕ್ಷಿ. ಅದು ಕೆಲಸ ಮಾಡುವುದಕ್ಕೆ ಕಾರಣಗಳಿವೆ, ಅವು ಬೆರಳೆಣಿಕೆಯಷ್ಟೇ. ಅವು ಗೊತ್ತಾದರೆ ಪಟ್ಟಿಯ ಹಂಗು ಬೇಕಿಲ್ಲ. ಆದರೆ ಅದಕ್ಕೂ ಮೊದಲು ಮಣ್ಣಿನ ಮಾತಾಡಬೇಕು. ಹಸಿದ ಮಣ್ಣಿನಲ್ಲಿ ಎರಡು ಗಿಡ ಜೊತೆಗೆ ನೆಟ್ಟರೆ ಅವು ಗೆಳೆಯರಾಗುವುದಿಲ್ಲ. ಇದ್ದ ಚೂರುಪಾರಿಗೆ ಕಿತ್ತಾಡುತ್ತವೆ.

ನಿಮ್ಮ ಹಿತ್ತಲಲ್ಲಿ ಇರುವುದು ಯಾವ ಮಣ್ಣು?

ಇದನ್ನು ತಿಳಿಯಲು ದೊಡ್ಡ ಉಪಕರಣ ಬೇಡ. ಉದ್ದನೆಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ಅರ್ಧ ಅಡಿ ಆಳದಿಂದ ಮಣ್ಣು ತೆಗೆದು, ಕಲ್ಲು ಕಡ್ಡಿ ಆರಿಸಿ, ಬಾಟಲಿಯ ಮೂರನೇ ಒಂದು ಭಾಗ ತುಂಬಿಸಿ. ಕತ್ತಿನವರೆಗೆ ನೀರು ಹಾಕಿ. ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ ಸೇರಿಸಿ, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ಕೆಲವು ಗಂಟೆಗಳಲ್ಲಿ ಕೂರುವುದು ರೇವೆ, ಅಂದರೆ ಕೆರೆಯ ಹೂಳಿನಂಥ ನುಣುಪು ಮಣ್ಣು. ಜೇಡಿ ಮಾತ್ರ ನಿಧಾನ. ಒಂದು ದಿನವೂ ಆಗಬಹುದು, ಎರಡು ದಿನವೂ ಆಗಬಹುದು. ಮೂರು ಪದರಗಳ ದಪ್ಪ ನೋಡಿದರೆ ನಿಮ್ಮ ಮಣ್ಣಿನ ಗುಣ ಅರ್ಧ ಗೊತ್ತಾದ ಹಾಗೆ.

ಉಳಿದರ್ಧಕ್ಕೆ ಒಂದು ಗುಂಡಿ ತೋಡಿ. ಒಂದಡಿ ಅಗಲ, ಒಂದಡಿ ಆಳ ಸಾಕು. ನೀರು ತುಂಬಿಸಿ, ಇಂಗಲು ಬಿಡಿ, ಮತ್ತೆ ತುಂಬಿಸಿ. ಎರಡನೇ ಸಲದ ನೀರು ಕೆಲವು ಗಂಟೆಯಲ್ಲಿ ಇಂಗಿದರೆ ಒಳ್ಳೆಯದು. ಸಂಜೆ ತುಂಬಿಸಿದ ನೀರು ಬೆಳಗ್ಗೆಯೂ ನಿಂತಿದ್ದರೆ ಅಲ್ಲಿ ನೆಲಮಟ್ಟದಲ್ಲಿ ತರಕಾರಿ ಬೇಡ. ಮಡಿ ಎತ್ತರಿಸಬೇಕು.

ಕೋಲಾರ, ತುಮಕೂರು, ಬೆಂಗಳೂರು, ಮೈಸೂರು ಕಡೆಯ ಕೆಂಪು ಮಣ್ಣು ಅಗೆಯಲು ಸುಲಭ, ನೀರು ಬಸಿಯುವುದೂ ಬೇಗ. ಅದರ ತೊಂದರೆ ಬೇರೆ. ಸಾರಜನಕ ಕಡಿಮೆ, ಸಾವಯವ ಅಂಶ ಅದಕ್ಕಿಂತ ಕಡಿಮೆ. ನಮ್ಮ ಬಿಸಿಲಿಗೆ ಹಾಕಿದ ಗೊಬ್ಬರವೂ ಬೇಗ ಕರಗಿಹೋಗುತ್ತದೆ. ಒಂದು ಸಲ ಲೋಡುಗಟ್ಟಲೆ ಹಾಕಿ ಮರೆತುಬಿಡುವ ಬದಲು ಪ್ರತಿ ಬೆಳೆಗೂ ಸ್ವಲ್ಪ ಸ್ವಲ್ಪ ಹಾಕುವುದು ಮೇಲು. ಇನ್ನೊಂದು ಕಾಟ ಎಂದರೆ ಹೆಪ್ಪು. ಬಿತ್ತಿದ ಮೇಲೆ ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೇಲ್ಮಣ್ಣು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಸೊಪ್ಪಿನ ಮೊಳಕೆಗೆ ಅದನ್ನು ಸೀಳಿಕೊಂಡು ಬರುವ ಶಕ್ತಿ ಇಲ್ಲ. ಬೀಜದ ಮೇಲೆ ಮಣ್ಣಿನ ಬದಲು ಜರಡಿ ಹಿಡಿದ ಗೊಬ್ಬರ ಉದುರಿಸಿ, ತೆಳ್ಳಗೆ ಹುಲ್ಲು ಹೊದಿಸಿದರೆ ಈ ಸಮಸ್ಯೆ ಇಲ್ಲ.

ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಎರೆ ಮಣ್ಣಿನ ಕತೆಯೇ ಬೇರೆ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಸತ್ವ ಹಿಡಿದಿಡುವ ಶಕ್ತಿ ಅದಕ್ಕೆ ಜಾಸ್ತಿ. ಗೋಳು ಇರುವುದು ಗಾಳಿ ಮತ್ತು ನೀರಿನದ್ದು. ಇಲ್ಲಿ ಬಹಳ ಜನ ಮರಳು ಬೆರೆಸಲು ಹೋಗುತ್ತಾರೆ. ಬೇಡ. ಒಂದೆರಡು ಬುಟ್ಟಿ ಮರಳು ಜೇಡಿಯ ಜೊತೆ ಸೇರಿದರೆ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ. ಅದು ಸಡಿಲವಾಗಬೇಕಾದರೆ ಅರ್ಧಕ್ಕರ್ಧ ಮರಳು ಬೇಕು, ಅಷ್ಟು ಯಾರು ತರುತ್ತಾರೆ? ಆರೆಂಟು ಇಂಚು ಎತ್ತರದ ಮಡಿ, ಕಾಂಪೋಸ್ಟು, ವರ್ಷವಿಡೀ ಹೊದಿಕೆ, ಇಷ್ಟೇ ಇದರ ಮದ್ದು. ಒಲೆಯ ಬೂದಿ ಇದಕ್ಕೆ ಹಾಕಬೇಡಿ. ಎರೆ ಮೊದಲೇ ಕ್ಷಾರದ ಕಡೆ ವಾಲಿದ ಮಣ್ಣು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಮಣ್ಣಲ್ಲಿ ಇದ್ದರೂ ಗಿಡಕ್ಕೆ ಸಿಗುತ್ತಿಲ್ಲ ಎಂದು ಅರ್ಥ. ಬೂದಿ ಅದನ್ನು ಇನ್ನೂ ಕಟ್ಟಿಹಾಕುತ್ತದೆ.

ಅದೇ ಬೂದಿ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ ವರ. ಅಲ್ಲಿ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ. ಮಣ್ಣು ಹುಳಿ. ಇದ್ದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡಿರುತ್ತವೆ. ದಕ್ಷಿಣ ಕನ್ನಡದ ಹಿರಿಯರು ತರಕಾರಿಗೆ ಸುಡುಮಣ್ಣು ಮಾಡುತ್ತಿದ್ದದ್ದು ಸುಮ್ನೆ ಅಲ್ಲ. ತರಗೆಲೆ, ಕಡ್ಡಿಕಸದ ರಾಶಿಯ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಸುಡುತ್ತಾರೆ. ಕಳೆಬೀಜ, ಹುಳು ಸಾಯುತ್ತವೆ. ಬೂದಿಯ ಪೊಟ್ಯಾಷ್ ಸಿಗುತ್ತದೆ, ಹುಳಿಯೂ ತಗ್ಗುತ್ತದೆ. ಆದರೆ ಸುಟ್ಟಾಗ ಸಾವಯವ ಅಂಶವೂ ಸುಟ್ಟುಹೋಗುತ್ತದೆ. ಆದ್ದರಿಂದ ಸುಡುಮಣ್ಣಿನ ಜೊತೆ ಹಟ್ಟಿಗೊಬ್ಬರ ಸೇರಲೇಬೇಕು. ಸುಣ್ಣ ಹಾಕುವುದಾದರೆ ನಾಟಿಗೆ ಎರಡು ಮೂರು ವಾರ ಮೊದಲೇ ಹಾಕಿ. ಸಗಣಿ ಗೊಬ್ಬರದ ಜೊತೆಗೇ ಬೆರೆಸಬೇಡಿ. ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿ ಪಾಲಾಗುತ್ತದೆ.

ನಾಲ್ಕನೇ ಮಣ್ಣೊಂದಿದೆ. ಯಾವ ಭೂಪಟದಲ್ಲೂ ಅದು ಕಾಣುವುದಿಲ್ಲ. ಹೊಸ ಬಡಾವಣೆಯ ಸೈಟಿನ ಮಣ್ಣು. ಪಾಯ ತೆಗೆದಾಗ ಬಂದ ಅಡಿಮಣ್ಣು, ಸಿಮೆಂಟ್ ಚೂರು, ಗಾರೆ, ಇಟ್ಟಿಗೆ ಪುಡಿ ಎಲ್ಲ ಸೇರಿದ ಕಲಬೆರಕೆ ಅದು. ಸಿಮೆಂಟಿನ ಸುಣ್ಣದಿಂದಾಗಿ ಇದು ಕೆಂಪಗೆ ಕಂಡರೂ ಕ್ಷಾರವಾಗಿರುತ್ತದೆ. ಇದನ್ನು ತಿದ್ದುವುದಕ್ಕಿಂತ ಒಂದಡಿ ಎತ್ತರದ ಕಟ್ಟೆ ಕಟ್ಟಿ, ಒಳ್ಳೆಯ ಮೇಲ್ಮಣ್ಣು ತರಿಸುವುದೇ ಅಗ್ಗ.

ಅಂದಾಜು ಬೇಡ, ಲೆಕ್ಕವೇ ಬೇಕು ಎನ್ನುವವರು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ನಾಲ್ಕೈದು ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡಬೇಕು. ರಸಸಾರ, ಅಂದರೆ ಪಿಎಚ್, 6ರಿಂದ 7.5ರ ಒಳಗಿದ್ದರೆ ಹೆಚ್ಚಿನ ತರಕಾರಿಗಳಿಗೆ ಸಾಕು.

ಹದ ನೋಡಿ ಅಗೆಯಿರಿ

ಅಗೆಯುವ ಮೊದಲು ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಅಮುಕಿ, ಬೆರಳಿಂದ ತಟ್ಟಿ. ಉಂಡೆ ಪುಡಿಯಾದರೆ ಹದವಿದೆ. ಅಂಟಿಕೊಂಡೇ ಇದ್ದರೆ ಇನ್ನೂ ಒದ್ದೆ, ಎರಡು ದಿನ ಕಾಯಿರಿ. ಎರೆಯಲ್ಲಿ ಈ ತಾಳ್ಮೆ ಬಹಳ ಮುಖ್ಯ. ಒದ್ದೆಯಲ್ಲಿ ಗುದ್ದಲಿ ಹಾಕಿದರೆ ಏಳುವ ಹೆಂಟೆಗಳು ಒಣಗಿದ ಮೇಲೆ ಕಲ್ಲಿನಂತೆ ಆಗುತ್ತವೆ. ಆ ಸೀಸನ್ ಪೂರ್ತಿ ಅವು ಒಡೆಯುವುದಿಲ್ಲ.

ಮಡಿಯ ಅಗಲ ನಾಲ್ಕು ಅಡಿ ಮೀರಬಾರದು. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗಬೇಕು, ಮಡಿಯೊಳಗೆ ಕಾಲಿಡುವ ಅಗತ್ಯ ಬರಬಾರದು. ಒಂದಡಿ ಆಳ ಸಡಿಲ ಮಾಡಿ, ಮೇಲೇ ನಡೆದಾಡಿದರೆ ಅಗೆದ ಶ್ರಮ ನೀರಿಗೆ ಹೋದ ಹಾಗೆ.

ಗೊಬ್ಬರ ಎಷ್ಟು? ತರಕಾರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ. ಮನೆಯ ಮಟ್ಟಕ್ಕೆ ಇಳಿಸಿದರೆ ಚದರ ಮೀಟರಿಗೆ ಎರಡೂವರೆ ಕೆಜಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಗೆ ಒಂಬತ್ತು-ಹತ್ತು ಕೆಜಿ ಆಯಿತು. ಬಡಕಲು ಮಣ್ಣಾದರೆ ಮೊದಲ ವರ್ಷ ಇದರ ಎರಡರಷ್ಟು ಹಾಕಿದರೂ ನಡೆಯುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಗಿಡ ಸೊಕ್ಕಿ ಬರೀ ಎಲೆಯಾಗುತ್ತದೆ, ಆ ಎಳಸು ಎಲೆಗೆ ಸಸ್ಯಹೇನು ಮುತ್ತುತ್ತವೆ.

ಗೊಬ್ಬರ ಕಳಿತಿರಬೇಕು. ಕಪ್ಪಾಗಿ, ಉದುರುದುರಾಗಿ, ಸಗಣಿಯ ವಾಸನೆ ಇಲ್ಲದೆ ಇರಬೇಕು. ಹಸಿ ಸಗಣಿಯ ಜೊತೆ ಗೊಣ್ಣೆಹುಳು ಬರುತ್ತದೆ, ಕಳೆಬೀಜ ಬರುತ್ತದೆ, ಅರೆಬೆಂದದ್ದಕ್ಕೆ ಗೆದ್ದಲೂ ಹತ್ತುತ್ತದೆ.

ಗೊಬ್ಬರದ ವಿಷಯದಲ್ಲಿ ಜನ ಹೆಚ್ಚು ಎಡವುವುದು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಮರದ ಹೊಟ್ಟಿನಲ್ಲಿ. ಸೂಕ್ಷ್ಮಜೀವಿಗಳಿಗೆ ಕಸ ಕೊಳೆಸಲು ಇಂಗಾಲದ ಜೊತೆ ಸಾರಜನಕವೂ ಬೇಕು. ಇಂಗಾಲ 25ರಿಂದ 30 ಪಾಲು, ಸಾರಜನಕ ಒಂದು ಪಾಲು ಇದ್ದರೆ ಕೆಲಸ ಸರಾಗ. ಕಚ್ಚಾ ತೆಂಗಿನ ನಾರಿನ ಪುಡಿಯಲ್ಲಿ ಇಂಗಾಲ ನೂರು ಪಾಲಿಗೂ ಮೇಲೆ. ಮರದ ಹೊಟ್ಟಿನಲ್ಲಿ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಇವನ್ನು ಮಣ್ಣೊಳಗೆ ಬೆರೆಸಿದರೆ ಸೂಕ್ಷ್ಮಜೀವಿಗಳು ಕೊರತೆ ಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡ ಹಳದಿಯಾಗಿ ನಿಲ್ಲುತ್ತದೆ. ಅದೇ ಹೊಟ್ಟನ್ನು ಮಣ್ಣಿನ ಮೇಲೆ ಹೊದಿಕೆಯಾಗಿ ಹಾಕಿ, ತೊಂದರೆ ಇಲ್ಲ. ಒಳಗೆ ಹಾಕಲು ಹೊಂಗೆ ಸೊಪ್ಪು, ಗ್ಲಿರಿಸಿಡಿಯಾ ಸೊಪ್ಪು ಇದ್ದರೆ ಒಳ್ಳೆಯದು. ಎಳೆಯ ಸೊಪ್ಪು ಕೆಲವೇ ವಾರದಲ್ಲಿ ಕರಗಿಬಿಡುತ್ತದೆ. ಜಾಗ ಖಾಲಿ ಇದ್ದರೆ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಕಡಿದು ಮಣ್ಣಿಗೆ ಸೇರಿಸಿ. ಅಗ್ಗದ ಗೊಬ್ಬರ ಇದಕ್ಕಿಂತ ಬೇರೆ ಇಲ್ಲ.

ಬೇಸಿಗೆಯಲ್ಲಿ ಮಡಿ ಸುಮ್ನೆ ಬಿದ್ದಿದ್ದರೆ ಬಿಸಿಲಿನಿಂದ ಕೆಲಸ ಮಾಡಿಸಿ. ಮಣ್ಣು ಅಗೆದು ಸಮ ಮಾಡಿ, ನೀರು ಹಾಯಿಸಿ, ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಿ ಅಂಚಿಗೆ ಮಣ್ಣು ಮುಚ್ಚಿ. ಏಪ್ರಿಲ್–ಮೇ ತಿಂಗಳಲ್ಲಿ ನಾಲ್ಕರಿಂದ ಆರು ವಾರ ಹಾಗೇ ಇರಲಿ. ಕಳೆಬೀಜ, ಸಸಿ ಕೊಳೆಸುವ ಶಿಲೀಂಧ್ರ, ಬೇರಿಗೆ ಕಾಟ ಕೊಡುವ ಜಂತುಹುಳು ಬಹುಪಾಲು ಬೆಂದುಹೋಗುತ್ತವೆ. ಕಪ್ಪು ಹಾಳೆ ಬೇಡ. ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ.

ಹುಳಕ್ಕೆ ದಾರಿ ತಪ್ಪುವುದು ವಾಸನೆಯಿಂದಲ್ಲ

ಈಗ ಜೊತೆ ಬೆಳೆಗೆ ಬರೋಣ. ಎಲ್ಲರೂ ಹೇಳುವ ಮಾತು ಒಂದೇ: ಘಾಟು ವಾಸನೆಯ ಗಿಡ ನೆಟ್ಟರೆ ಹುಳ ಓಡಿಹೋಗುತ್ತದೆ. ಇಂಗ್ಲೆಂಡಿನ ಫಿಂಚ್ ಮತ್ತು ಕೊಲಿಯರ್ ಎಂಬ ಕೀಟತಜ್ಞರು 2000ದಲ್ಲಿ ಇದಕ್ಕಿಂತ ಸರಳವಾದ ವಿವರಣೆ ಕೊಟ್ಟರು. ಅವರು ನೋಡಿದ್ದು ಮುಖ್ಯವಾಗಿ ಎಲೆಕೋಸಿನ ಕೀಟಗಳನ್ನು.

ಹಾರುತ್ತಿರುವ ಕೀಟಕ್ಕೆ ಕೆಳಗೆಲ್ಲೋ ಎಲೆಕೋಸು ಇದೆ ಎಂದು ವಾಸನೆಯಿಂದ ಗೊತ್ತಾಗುತ್ತದೆ. ಆಮೇಲೆ ಅದು ಕಣ್ಣಿಗೆ ಕಂಡ ಹಸಿರಿನ ಮೇಲೆ ಇಳಿಯುತ್ತದೆ. ಬರಿ ಮಣ್ಣಿನ ಮೇಲೆ ಇಳಿಯುವುದಿಲ್ಲ. ಕಳೆ ಕಿತ್ತು ನೀಟಾಗಿ ಇಟ್ಟ ಮಡಿಯಲ್ಲಿ ಹಸಿರು ಎಂದರೆ ಎಲೆಕೋಸು ಒಂದೇ. ಆದ್ದರಿಂದ ಇಳಿದ ಪ್ರತಿ ಸಲವೂ ಗುರಿ ಸರಿ. ನಡುವೆ ಬೇರೆ ಹಸಿರು ಇದ್ದರೆ ಅದು ಎಷ್ಟೋ ಸಲ ತಪ್ಪು ಎಲೆಯ ಮೇಲೆ ಕೂರುತ್ತದೆ, ಕಾಲಿನಿಂದಲೇ ರುಚಿ ನೋಡುತ್ತದೆ, ಇದಲ್ಲ ಎಂದು ಏಳುತ್ತದೆ. ಎಲೆಕೋಸಿನ ಬೇರುನೊಣ ಮೊಟ್ಟೆ ಇಡಬೇಕಾದರೆ ಸಾಲಾಗಿ ಕೆಲವು ಸಲ ಸರಿಯಾದ ಗಿಡ ಸಿಗಬೇಕು. ನಡುವೆ ತಪ್ಪಿದರೆ ಬೇಸತ್ತು ಹಾರಿಹೋಗುತ್ತದೆ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಗಿಡದ ಬದಲು ಹಸಿರು ಕಾಗದ ನಿಲ್ಲಿಸಿದಾಗಲೂ ಮೊಟ್ಟೆ ಕಡಿಮೆಯಾಯಿತು. ಕಾಗದಕ್ಕೆ ಯಾವ ವಾಸನೆ?

ಇದರಿಂದ ನಮಗೆ ಸಿಗುವ ಪಾಠ ಬಹಳ ಸಲೀಸು. ತುಳಸಿಯೇ ಆಗಬೇಕೆಂದಿಲ್ಲ. ಬದನೆ, ಕೋಸು, ಮೆಣಸಿನ ಗಿಡದ ಬುಡದಲ್ಲಿ ಬರಿ ನೆಲ ಬಿಡದೆ ಮೆಂತ್ಯ, ಹರಿವೆ, ಕೊತ್ತಂಬರಿ ಏನಾದರೂ ಗಿಡ್ಡ ಹಸಿರು ಬಿತ್ತಿ. ಹುಳಕ್ಕೆ ಗೊಂದಲ, ನಮಗೆ ಸಾರಿಗೆ ಸೊಪ್ಪು.

ಚೆಂಡು ಹೂವಿನ ಎರಡು ಕೆಲಸ

ಚೆಂಡು ಹೂ ನೆಟ್ಟರೆ ಟೊಮೆಟೊಗೆ ಹುಳ ಬರುವುದಿಲ್ಲ ಎನ್ನುತ್ತಾರೆ. ನಿಜ ಇದರ ಉಲ್ಟಾ. ಹುಳ ಚೆಂಡು ಹೂವಿಗೇ ಬರಲಿ ಎಂದು ನೆಡುವುದು. ಟೊಮೆಟೊ ಕಾಯಿಕೊರಕದ ಪತಂಗಕ್ಕೆ ಮೊಟ್ಟೆ ಇಡಲು ಚೆಂಡು ಹೂ ಇಷ್ಟ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತರಿಗೆ ಹೇಳುವ ಕ್ರಮ ಹೀಗಿದೆ: ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ಟೊಮೆಟೊ ಸಸಿಗೆ 25 ದಿನ ಆಗಿದ್ದರೆ ಚೆಂಡು ಹೂವಿನ ಸಸಿಗೆ 40–45 ದಿನ ಆಗಿರಬೇಕು. ಈ ವಯಸ್ಸಿನ ಅಂತರದಲ್ಲೇ ಗುಟ್ಟು ಇರುವುದು. ಎರಡೂ ಒಟ್ಟಿಗೆ ಹೂ ಬಿಟ್ಟರೆ ಮಾತ್ರ ಪತಂಗ ಚೆಂಡು ಹೂವಿನ ಕಡೆ ಹೋಗುತ್ತದೆ. ನರ್ಸರಿಯಿಂದ ಎರಡನ್ನೂ ಒಂದೇ ದಿನ ಎಳೆ ಸಸಿಯಾಗಿ ತಂದು ನೆಟ್ಟರೆ ಪ್ರಯೋಜನ ಅರ್ಧಕ್ಕರ್ಧ ಹೋಯಿತು.

ಮನೆಯಲ್ಲಿ ಹದಿನಾರು ಸಾಲು ಎಲ್ಲಿಂದ ಬರಬೇಕು? ಮಡಿಯ ಎರಡು ಮೂಲೆಗೆ ಒಂದೊಂದು ಗಿಡ ಸಾಕು. ಆದರೆ ದಿನ ಬಿಟ್ಟು ದಿನ ಆ ಹೂಗಳನ್ನು ಬಿಡಿಸಿ ನೋಡಿ, ಹುಳ ಆರಿಸಿ ತೆಗೆಯಬೇಕು. ತೆಗೆಯದಿದ್ದರೆ ಬಲೆ ಅಂತ ನೆಟ್ಟದ್ದೇ ಹುಳದ ಸಾಕಣೆ ಕೇಂದ್ರ ಆಗುತ್ತದೆ. ಎಲೆಕೋಸಿಗೆ ಇದೇ ಕೆಲಸ ಸಾಸಿವೆ ಮಾಡುತ್ತದೆ. ಕೋಸು ತಿನ್ನುವ ವಜ್ರಬೆನ್ನಿನ ಪತಂಗ ಸಾಸಿವೆ ಕಂಡರೆ ಬಿಡುವುದಿಲ್ಲ. ಕೋಸು ನೆಡುವ ಹದಿನೈದು ದಿನ ಮೊದಲು ಒಂದು ಸಾಲು ಸಾಸಿವೆ, ಕೋಸು ನೆಟ್ಟ 25 ದಿನಕ್ಕೆ ಇನ್ನೊಂದು ಸಾಲು. ಸಾಸಿವೆ ಬೇಗ ಹಣ್ಣಾಗುವ ಗಿಡ ಆದ್ದರಿಂದ ಎರಡು ಕಂತು.

ಚೆಂಡು ಹೂವಿನ ಎರಡನೇ ಕೆಲಸ ನೆಲದ ಒಳಗೆ. ಬೆಂಡೆ ಅಥವಾ ಟೊಮೆಟೊ ಗಿಡ ಮಧ್ಯಾಹ್ನ ಬಾಡಿ, ಸಂಜೆ ಚೇತರಿಸಿ, ಬೆಳವಣಿಗೆ ನಿಂತಿದ್ದರೆ ಕಿತ್ತು ಬೇರು ನೋಡಿ. ಬೇರಿನುದ್ದಕ್ಕೂ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು. ಅಲಸಂದೆಯ ಬೇರಿನಲ್ಲೂ ಗಂಟು ಇರುತ್ತದೆ, ಅದನ್ನು ಕಂಡು ಹೆದರಬೇಡಿ. ಅಲಸಂದೆಯದು ಬೇರಿಗೆ ಅಂಟಿಕೊಂಡ ಮಣಿಯಂತೆ, ಉಗುರಲ್ಲಿ ಒತ್ತಿದರೆ ಕಳಚುತ್ತದೆ. ಜಂತುಹುಳದ್ದು ಬೇರೇ ಊದಿಕೊಂಡದ್ದು, ಕಳಚುವುದಿಲ್ಲ.

ಚೆಂಡು ಹೂವಿನ ಬೇರಿನಲ್ಲಿ ಈ ಜಂತುಹುಳಕ್ಕೆ ವಿಷವಾಗುವ ವಸ್ತು ಇದೆ. ಆಲ್ಫಾ ಟರ್ಥಿಯೆನಿಲ್ ಎಂದು ಅದರ ಹೆಸರು. ಆದರೆ ಟೊಮೆಟೊ ಪಕ್ಕದಲ್ಲಿ ಒಂದು ಗಿಡ ಇಟ್ಟರೆ ಅದರ ಪ್ರಭಾವ ತನ್ನ ಬೇರಿನ ಸುತ್ತಮುತ್ತಲಿಗೇ ಮುಗಿಯುತ್ತದೆ. ಮಡಿ ಪೂರ್ತಿ ಒತ್ತಾಗಿ ಚೆಂಡು ಹೂ ಹಾಕಿ, ಎರಡು ತಿಂಗಳಿಗೂ ಹೆಚ್ಚು ಬೆಳೆಸಿ, ಆಮೇಲೆ ತರಕಾರಿ ನೆಡಬೇಕು. ನಮಗಂತೂ ಇದು ಕಷ್ಟವೇ ಅಲ್ಲ. ಜುಲೈನಲ್ಲಿ ಬಿತ್ತಿದರೆ ಆಯುಧಪೂಜೆಗೆ ಮನೆಯ ಹೂವೇ ಆಯಿತು. ಹಬ್ಬ ಮುಗಿದ ಮೇಲೆ ಗಿಡ ಕಡಿದು ಮಣ್ಣಿಗೆ ಸೇರಿಸಿ, ಚಳಿಗಾಲದ ಟೊಮೆಟೊ ನೆಡಿ.

ಅವರೆ, ಅಲಸಂದೆ ಸಾರಜನಕ ಹಂಚುತ್ತವೆಯೇ?

ದ್ವಿದಳ ಗಿಡ ಪಕ್ಕದ ಗಿಡಕ್ಕೆ ಸಾರಜನಕ ಕೊಡುತ್ತದೆ ಎಂಬ ಮಾತು ಅರ್ಧ ಸತ್ಯ. ರೈಜೋಬಿಯಂ ಬ್ಯಾಕ್ಟೀರಿಯಾ ಬೇರಿನ ಮಣಿಗಳಲ್ಲಿ ಕೂತು ಗಾಳಿಯ ಸಾರಜನಕ ಹಿಡಿಯುತ್ತದೆ, ಸರಿ. ಮಣಿ ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಂಡರೆ ಕೆಲಸ ನಡೆಯುತ್ತಿದೆ ಎಂದರ್ಥ. ಆದರೆ ಬದುಕಿರುವಷ್ಟು ದಿನ ಗಿಡ ಅದನ್ನು ಬಹುಪಾಲು ತಾನೇ ಬಳಸುತ್ತದೆ. ಕಾಯಿ ತುಂಬುವಾಗ ಅದೆಲ್ಲ ಕಾಳಿಗೆ ಹೋಗುತ್ತದೆ. ಕಾಳು ನಾವು ತಿನ್ನುತ್ತೇವೆ. ಮಣ್ಣಿಗೆ ಉಳಿಯುವುದು ಬೇರು, ಉದುರಿದ ಎಲೆ ಕೊಳೆತಾಗ ಬಂದದ್ದು. ಅಂದರೆ ಲಾಭ ಮುಂದಿನ ಬೆಳೆಗೆ. ಅದಕ್ಕೇ ಕೊಯ್ಲು ಮುಗಿದ ಅಲಸಂದೆಯನ್ನು ಬೇರು ಸಮೇತ ಕೀಳಬಾರದು. ನೆಲಮಟ್ಟಕ್ಕೆ ಕತ್ತರಿಸಿ, ಬೇರು ಅಲ್ಲೇ ಬಿಡಬೇಕು.

ಎಲ್ಲ ದ್ವಿದಳವೂ ಒಂದೇ ಅಲ್ಲ. ಅಲಸಂದೆ, ಹೆಸರು, ಉದ್ದು ನಮ್ಮ ಮಣ್ಣಿನಲ್ಲಿರುವ ರೈಜೋಬಿಯಂ ಜೊತೆಗೇ ಹೊಂದಿಕೊಳ್ಳುತ್ತವೆ. ಹುರುಳಿಕಾಯಿ, ಅಂದರೆ ನಾವು ಬೀನ್ಸ್ ಎನ್ನುವುದು, ಈ ಕೆಲಸದಲ್ಲಿ ಸೋಮಾರಿ. ಅದಕ್ಕೇ ಗೊಬ್ಬರ ಬೇಕು. ಅದರಿಂದ ಪಕ್ಕದವರಿಗೆ ಏನು ಸಿಕ್ಕೀತು?

ಹಾಗಾದರೆ ಅಕ್ಕಡಿ ಸಾಲಿನಲ್ಲಿ ನಡೆಯುವುದೇನು? ಹಳೆ ಮೈಸೂರು ಕಡೆ ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ, ಹರಳು ಸಾಲಾಗಿ ಹಾಕುತ್ತಾರೆ. ಅಲ್ಲಿ ಮೊದಲ ಲಾಭ ಹೊತ್ತಿನದ್ದು. ಎಲ್ಲವನ್ನೂ ಮಳೆಗಾಲದಲ್ಲಿ ಬಿತ್ತಿದರೂ ರಾಗಿ ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆ ಹೂ ಬಿಡುವ ಗಿಡ. ಅದರ ಸೊಗಡಿನ ಕಾಲ ಡಿಸೆಂಬರ್–ಜನವರಿ. ತೊಗರಿಯೂ ಮೊದಲ ತಿಂಗಳುಗಳಲ್ಲಿ ನಿಧಾನ. ರಾಗಿಗೆ ನೀರು, ಬಿಸಿಲು ಜಾಸ್ತಿ ಬೇಕಾದಾಗ ಇವು ಕೇಳುವುದಿಲ್ಲ. ಇವು ಎದ್ದು ನಿಲ್ಲುವಾಗ ರಾಗಿ ಕಣ ಸೇರಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಎಚ್‌ಎ 3, ಎಚ್‌ಎ 4ರಂಥ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದ ನೋಡದೆ ವರ್ಷವಿಡೀ ಹೂ ಬಿಡುತ್ತವೆ. ತಿನ್ನಲು ಒಳ್ಳೆಯದೇ. ಆದರೆ ಅಕ್ಕಡಿಯ ಈ ಹೊತ್ತಿನ ಲೆಕ್ಕ ಅವಕ್ಕೆ ಹೊಂದುವುದಿಲ್ಲ.

ಎರಡನೇ ಲಾಭ ಬೇರಿನದ್ದು. ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣಕ್ಕೆ ಕಟ್ಟಿಬಿದ್ದಿರುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯವರು 1990ರಲ್ಲಿ ತೋರಿಸಿದ್ದು ಇದು: ತೊಗರಿಯ ಬೇರು ಪಿಸಿಡಿಕ್ ಎಂಬ ಆಮ್ಲ ಸೂಸುತ್ತದೆ, ಅದು ಕಬ್ಬಿಣವನ್ನು ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತದೆ. ಹೀಗೆ ಹೀರಿದ ರಂಜಕ ಎಲೆಗೆ ಏರಿ, ಎಲೆ ಉದುರಿ ಮೇಲ್ಮಣ್ಣಿಗೆ ಬರುತ್ತದೆ. ಕೆಂಪು ಮಣ್ಣಿನ ಕೈತೋಟದ ಬೇಲಿಗುಂಟ ನಾಲ್ಕು ತೊಗರಿ ಗಿಡ ಇರಲಿ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಹಸಿ ತೊಗರಿಕಾಯಿ ಉಪ್ಪು ಹಾಕಿ ಬೇಯಿಸಿ ತಿನ್ನುವ ಸುಖ ಬೇರೆ.

ನೆರಳು, ಹೂ, ಮತ್ತು ಸೇರಬಾರದವರು

ಎತ್ತರದ ಗಿಡ ಉತ್ತರಕ್ಕೆ ಹಾಕಿ ಎಂದು ಪರದೇಶದ ಪಟ್ಟಿಗಳು ಹೇಳುತ್ತವೆ. ನಮ್ಮಲ್ಲಿ ಅದು ಪೂರ್ತಿ ಸರಿಯಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಗ ಮಧ್ಯಾಹ್ನದ ನೆರಳು ಗಿಡದ ಬುಡದಲ್ಲೇ ಬೀಳುತ್ತದೆ. ದಿಕ್ಕಿನ ಚಿಂತೆ ಇರುವುದು ಚಳಿಗಾಲದ ಬೆಳೆಗೆ. ಬೇಸಿಗೆಯಲ್ಲಿ ನೆರಳು ಶತ್ರುವೂ ಅಲ್ಲ. ಕೊತ್ತಂಬರಿ, ಪಾಲಕ್ ಏಪ್ರಿಲ್ ಬಿಸಿಲಿಗೆ ನಿಲ್ಲುವುದಿಲ್ಲ. ಅವನ್ನು ಹೀರೆ ಚಪ್ಪರದ ಅಥವಾ ನುಗ್ಗೆಯ ಚದುರಿದ ನೆರಳಿಗೆ ಹಾಕಿ.

ಕೊತ್ತಂಬರಿ, ಸಬ್ಬಸಿಗೆಯನ್ನು ಎಲ್ಲ ಕಿತ್ತು ಸಾರಿಗೆ ಹಾಕಬೇಡಿ. ನಾಲ್ಕು ಗಿಡ ಹೂವಿಗೆ ಬಿಡಿ. ಆ ಪುಟ್ಟ ಕೊಡೆಯಂಥ ಹೂಗಳ ಮಕರಂದಕ್ಕೆ ಸಣ್ಣ ಕಣಜಗಳು, ಹೂನೊಣಗಳು ಬರುತ್ತವೆ. ಹುಳದ ಮೈಯಲ್ಲಿ ಮೊಟ್ಟೆ ಇಟ್ಟು ಕೊಲ್ಲುವ ಕಣಜಗಳು ಇವು. ಹೂನೊಣದ ಮರಿಗಳು ಸಸ್ಯಹೇನು ತಿನ್ನುತ್ತವೆ. ಅಲಸಂದೆಗೆ ಕಪ್ಪು ಹೇನು ಮುತ್ತಿದಾಗಲೂ ಗಾಬರಿಯಿಂದ ಔಷಧಿ ಹೊಡೆಯಬೇಡಿ. ಒಂದು ವಾರ ತಡೆಯಿರಿ, ಹೇನು ತಿನ್ನುವ ಗುಲಗಂಜಿ ಹುಳು ಬಂದೇ ಬರುತ್ತವೆ.

ಸೇರಬಾರದವರ ವಿಷಯ ಬೇಗ ಮುಗಿಯುತ್ತದೆ. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬ. ದುಂಡಾಣು ಸೊರಗು ರೋಗ ಒಂದಕ್ಕೆ ಬಂದರೆ ಎಲ್ಲಕ್ಕೂ ಬರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಬೇಡ. ಹೀರೆ, ಹಾಗಲ, ಸೋರೆ, ಪಡವಲ, ಸೌತೆಗೆ ಹಣ್ಣುನೊಣ ಸಮಾನ ಶತ್ರು. ಕೊಳೆತು ಬಿದ್ದ ಕಾಯಿಯ ಹುಳ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಬಿದ್ದ ಕಾಯಿಯನ್ನು ಅಂದೇ ಆರಿಸಿ, ಆಳಕ್ಕೆ ಹೂಳಿ. ನೀಲಗಿರಿ ಎಲೆಯನ್ನು ಹೊದಿಕೆಗೆ ಬಳಸಬೇಡಿ, ಅದರ ರಸಕ್ಕೆ ಮೊಳಕೆ ಏಳುವುದು ಕಷ್ಟ. ತೆಂಗಿನ ಬುಡದಿಂದ ಆರೇಳು ಅಡಿ ದೂರ ಇರಿ. ಬೆಳ್ಳುಳ್ಳಿ–ಬೀನ್ಸ್ ಜಗಳವನ್ನು ಮಾತ್ರ ನಾನು ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಹತ್ತು ಅಡಿ ಉದ್ದದ ಒಂದು ಮಡಿ

ಇಷ್ಟನ್ನೂ ಸೇರಿಸಿದರೆ ಜೂನ್ ಮಳೆಗೆ ಒಂದು ಮಡಿ ಹೀಗೆ ಹಾಕಬಹುದು. ಮಡಿಯ ಉದ್ದ ಪೂರ್ವ–ಪಶ್ಚಿಮ. ಉತ್ತರದ ಅಂಚಿಗೆ ಬಿದಿರು ಕಡ್ಡಿ ನೆಟ್ಟು ಬಳ್ಳಿ ಅಲಸಂದೆ. ನಡುವೆ ಎರಡಡಿಗೊಂದರಂತೆ ಬದನೆ, ಐದು ಗಿಡ. ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ. ಬದನೆ ಹರಡಿ ಕಾಯಿ ಬಿಡಲು ಎರಡು ತಿಂಗಳಾದರೂ ಬೇಕು. ಅಷ್ಟು ದಿನ ಆ ಎರಡಡಿ ಜಾಗ ಖಾಲಿ ಬಿಡುವುದು ಯಾಕೆ? ಬದನೆ ನೆಟ್ಟ ದಿನವೇ ನಡುವೆ ಹರಿವೆ, ಮೆಂತ್ಯ ಚೆಲ್ಲಿ. ಒಂದು ತಿಂಗಳಲ್ಲಿ ಸೊಪ್ಪು ಅಡುಗೆಮನೆ ಸೇರುತ್ತದೆ, ಬದನೆಗೆ ಜಾಗ ಬಿಡುತ್ತದೆ. ದಕ್ಷಿಣದ ಅಂಚಿಗೆ ಕೊತ್ತಂಬರಿ ಬಿತ್ತಿ.

ಬದನೆಯ ಸುಳಿಕೊರಕವನ್ನು ಮಾತ್ರ ಯಾವ ಜೊತೆ ಗಿಡವೂ ಪೂರ್ತಿ ತಡೆಯುವುದಿಲ್ಲ. ಬಾಡಿ ಜೋತ ಸುಳಿ ಕಂಡ ದಿನವೇ ಒಂದಿಂಚು ಕೆಳಗೆ ಚಿವುಟಿ, ಒಳಗಿನ ಹುಳ ಸಮೇತ ನಾಶ ಮಾಡಬೇಕು. ಸೆಪ್ಟೆಂಬರ್ ಹೊತ್ತಿಗೆ ಅಲಸಂದೆ ಮುಗಿದರೆ ನೆಲಮಟ್ಟಕ್ಕೆ ಕತ್ತರಿಸಿ, ಬಳ್ಳಿಯನ್ನು ಬದನೆಯ ಬುಡಕ್ಕೆ ಹೊದಿಸಿ. ಬದನೆ ಕಿತ್ತ ಮೇಲೆ ಆ ಮಡಿಗೆ ಟೊಮೆಟೊ ಬೇಡ. ಎಲೆಕೋಸು ಹಾಕಿ. ಸಾಸಿವೆಯನ್ನು ಮಾತ್ರ ಹದಿನೈದು ದಿನ ಮೊದಲೇ ಅಂಚಿನಲ್ಲಿ ಬಿತ್ತಿಬಿಡಿ. ಅಷ್ಟರಲ್ಲಿ ಬದನೆ ಇನ್ನೂ ನಾಲ್ಕು ಕಾಯಿ ಕೊಟ್ಟಿರುತ್ತದೆ.